ನಗುವ ಬೆಟ್ಟದ ಒಪ್ಪಂದ

ಬೆಟ್ಟಗಳಿಗೆ ಎಚ್ಚರವಾಗಿ ಹನ್ನೆರಡು ವರ್ಷವಾದರೂ ನಮ್ಮೂರಿನದಕ್ಕೆ ಇನ್ನೂ ಕಚಗುಳಿ ಹೋಗಿಲ್ಲ. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರ ಬೆರಳು ತಡಕಾಡಿದರೆ ಸಾಕು, ಕುಲುಕುಲು ನಗುತ್ತದೆ. ನೆಲ ಅದುರಿ ನಮ್ಮ ಮನೆಗಳಲ್ಲಿ ಗಡಿಗೆಗಳು ಉರುಳುತ್ತವೆ. ಅವರಲ್ಲೊಬ್ಬ ಡುಮ್ಮ ಜಾರಿ ಜಾರಿ ಹತ್ತಿ ನನ್ನ ಮೂರನೆಯ ಗಡಿಗೆ ಒಡೆದಾಗ, ಇನ್ನು ಯಾರನ್ನೂ ಹತ್ತಲು ಬಿಡಬಾರದೆಂದು ಪಂಚಾಯಿತಿ ಸೇರಿತು.

ಹತ್ತುವವರ ಮುಂದಾಳು ಶರ್ವಾಣಿ ಕೈಮುಗಿದಳು. "ವಾರಕ್ಕ ಒಂದು ತಾಸರೆ ಬಿಡ್ರಿ, ಆಯಿ."

"ಬುಧವಾರ ಮುಂಜಾನೆ ಬರ್ರಿ," ಎಂದೆ. "ಮೊಸರಿನ ಗಡಿಗಿ ಜಂತಿಗೆ ಕಟ್ಟಿರ್ತೀವಿ. ಬೆಟ್ಟ ನಕ್ಕರ ಬೆಣ್ಣಿ ತಾನ ಬರ್ತೈತಿ, ನಮ್ಮ ರಟ್ಟಿಗೂ ಆರಾಮ."

ಬುಧವಾರ, ಊರಿಗೆ ತೊಂದರೆಯಾಗದಿರಲೆಂದು ಶರ್ವಾಣಿ ತನ್ನ ಗುಂಪಿನ ಅತಿ ನಿಪುಣನನ್ನೇ ಕರೆತಂದಳು. ಅವನು ಎಲ್ಲೂ ತಡಕಾಡದೆ ಬೆಕ್ಕಿನಂತೆ ಏರಿದ. ಬೆಟ್ಟ ನಗಲಿಲ್ಲ, ಮೊಸರು ಮೊಸರಾಗಿಯೇ ಉಳಿಯಿತು.

"ಇಂಥಾವ್ರು ಬ್ಯಾಡ ನಮ್ಮವ್ವಾ!" ಕೂಗಿದೆ. "ನಾಕು ಸಲ ಜಾರಿ ಜೋತಾಡಿದ್ನಲ್ಲ, ಆ ಡುಮ್ಮನ್ನ ಕಳಸು!"