ಕ್ಯಾಮೆರಾ ಮುಂದೆ ಅಂಬೆಗಾಲು

ಚಿತ್ರದಲ್ಲಿ ಇದ್ದದ್ದು ತಾನೇ. ಎರಡೂ ಅಂಗೈ ನೆಲಕ್ಕೆ ಕೊಟ್ಟು, ಕೂಸಿನ ಹಾಗೆ ಅಂಬೆಗಾಲಿಟ್ಟಿದ್ದ. ಬೆನ್ನ ಹಿಂದಿನ ಬಂಡೆಯ ಮೇಲೆ ಚಿರತೆ ಕೂತಿತ್ತು.

ಕಂಪ್ಯೂಟರಿನ ಮುಂದೆ ಕೂತಿದ್ದ ಕಾವಲುಗಾರ ತನ್ನದೇ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ರಾಷ್ಟ್ರೀಯ ಉದ್ಯಾನದ ಆ ಬೆಟ್ಟಸಾಲಿನಲ್ಲಿ ಪ್ರಾಣಿ ಸುಳಿದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾವನ್ನು ಮರಕ್ಕೆ ಕಟ್ಟಿದಾಗ, ಅದರ ಮೆಮೊರಿ ಕಾರ್ಡು ಬದಲಿಸಿದಾಗ, ಅದರ ಮುಂದೆ ಒಬ್ಬರು ಮೃಗದ ಹಾಗೆ ನಾಲ್ಕು ಕಾಲಲ್ಲಿ ಓಡಾಡಿ ನೋಡಬೇಕು. ಕೆಂಪು ದೀಪ ಮಿಣುಕಿದರೆ ಕೆಲಸ ಮುಗಿದ ಹಾಗೆ. ಹೋದ ತಿಂಗಳು ಅವನು ಹಾಗೆ ಮಾಡುವಾಗ ಜೊತೆಗೇ ಕಾವಲು ಕೆಲಸಕ್ಕಿದ್ದ ಭಾಮೈದ, "ಅಕ್ಕನ ಮುಂದೆ ದಿನಾ ಹೀಗೇ ಅಲ್ವಾ ಭಾವ, ನಿಮಗೆ ಅಭ್ಯಾಸ ಬಿಡಿ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮುಂದಿನ ಚಿತ್ರದಲ್ಲಿ ಚಿರತೆ ಬಂಡೆ ಇಳಿದಿತ್ತು. ಅದರ ಮುಂದಿನದರಲ್ಲಿ ತಾನು ನಗುತ್ತಾ ಎದ್ದು ನಿಂತಿದ್ದ. ಪೊದೆಯೊಳಗೆ ಸರಿಯುತ್ತಿದ್ದ ಬಾಲ ಮಾತ್ರ ಕಾಣುತ್ತಿತ್ತು. ನಿನ್ನೆಯ ಚಿತ್ರದಲ್ಲೂ ಚಿರತೆ ಅದೇ ಬಂಡೆಯ ಮೇಲೆ ಮಲಗಿತ್ತು.

ಬೆಳಿಗ್ಗೆ ತಾನು ಕಾರ್ಡು ತೆಗೆದು ತಂದ ಅದೇ ಕ್ಯಾಮೆರಾಕ್ಕೆ ಹೊಸದನ್ನು ಹಾಕಿ ಬರಲು ಈಗ ಭಾಮೈದ ಒಬ್ಬನೇ ಮೇಲೆ ಹತ್ತಿದ್ದ. ಕಾವಲುಗಾರ ವೈರ್‌ಲೆಸ್ಸಿಗೆ ಕೈ ಹಾಕಿದ.

"ಏನ್ ಮಾಡ್ತಿದೀಯೋ?"

"ನಿಮ್ಮ ಥರಾನೇ ಅಂಬೆಗಾಲಲ್ಲಿದೀನಿ ಭಾವ. ದೀಪ ಈಗ ಮಿಣುಕ್ತು."

"ಎದ್ದು ನಿಲ್ಲು. ಓಡ್ಬೇಡ. ಮೊದಲು ಎದ್ದು ನಿಲ್ಲು."

ವೈರ್‌ಲೆಸ್ ಸ್ವಲ್ಪ ಹೊತ್ತು ಬರೀ ಗೊರಗೊರ ಅಂತು. ಆಮೇಲೆ ಭಾಮೈದನ ದನಿ ಬಂತು, ಉಸಿರಿಗಿಂತ ಸಣ್ಣಗೆ.

"ನಿಂತಿದೀನಿ ಭಾವ. ಅದೂ ನಿಂತಿದೆ."