ರೀ ಎಂದವಳು

"ರೀ," ಎಂದಿತು ಮುಚ್ಚಿದ ಬಾಗಿಲಿನಾಚೆಯ ಹೆಣ್ಣುದನಿ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ ನೀವು?"

ಕಾಫಿಯ ಲೋಟ ಹಿಡಿದು ಬಂದಿದ್ದ ಟೀಚರ್ ಅಲ್ಲೇ ನಿಂತಳು. ಒಳಗೆ ಗಂಡ ನಕ್ಕ. ಆ ನಗು ಅವಳ ಪಾಲಿಗೆ ಬಂದು ಎಷ್ಟು ಕಾಲವಾಗಿತ್ತೋ. ಯಾವಳೋ ಒಬ್ಬಳು ಅವನ ಜೊತೆ ಹರಟಬಹುದು, ನಗಬಹುದು. ಅಷ್ಟನ್ನು ಹಲ್ಲು ಕಚ್ಚಿ ಸಹಿಸಬಹುದೇನೋ. ಆದರೆ 'ರೀ' ಅನ್ನುವುದೆಂದರೆ? ಆ ಒಂದಕ್ಷರ ಹೆಂಡತಿಯ ಸ್ವತ್ತು. ಅದಕ್ಕೂ ಕೈ ಹಾಕಿದ್ದಳಲ್ಲ ಈ ಮಹಾತಾಯಿ.

ಟೀಚರ್ ಬಾಗಿಲು ಬಡಿದಳು. ದನಿ ಥಟ್ಟನೆ ನಿಂತಿತು. ಸ್ಕ್ರೂಡ್ರೈವರ್ ಹಿಡಿದು ಬಾಗಿಲು ತೆರೆದ ಗಂಡ ಅವಳ ಮುಖ ನೋಡಿದವನೇ, ಲಿಫ್ಟಿಗೆ ಮಾತು ಕಲಿಸುತ್ತಿದ್ದೇನೆ ಎಂದ. ಲೋಟ ಇಸಿದುಕೊಂಡು ಮತ್ತೆ ಬಾಗಿಲು ಹಾಕಿಕೊಂಡ.

ತೀರಾ ಬುಡವಿಲ್ಲದ ಸುಳ್ಳೇನಲ್ಲ. ಅವನ ಕಸುಬೇ ಅದು. ಇಸ್ಪೀಟೆಲೆಯಷ್ಟಗಲದ ಒಂದು ಬೋರ್ಡು, ಅದರ ಮೇಲೆಯೇ ಇಡೀ ಕಂಪ್ಯೂಟರು. ಲಿಫ್ಟಿನಲ್ಲಿ ಕೂರಿಸಿದರೆ ಮಹಡಿಯ ಸಂಖ್ಯೆ ಕೂಗುತ್ತದೆ, ಟಿಕೆಟ್ ಯಂತ್ರದಲ್ಲಿ ಕೂರಿಸಿದರೆ ಚಿಲ್ಲರೆ ಕೊಡುತ್ತದೆ, ಕರೆಗಂಟೆಯಲ್ಲಿ ಕೂರಿಸಿದರೆ ಬಂದವರ ಮುಖ ತೋರಿಸುತ್ತದೆ. ಈ ಮನೆಯಲ್ಲಂತೂ ಹೂಕುಂಡಗಳಿಗೆ ನೀರು ಬಿಡುವುದೂ ಅಂಥದ್ದೇ ಒಂದು ಬೋರ್ಡು. ಆದರೆ ತಿಂದಿರಾ, ಬಿಟ್ಟಿರಾ ಎಂದು ವಿಚಾರಿಸಿಕೊಳ್ಳುವ ಲಿಫ್ಟನ್ನು ಯಾರು ಕಂಡಿದ್ದಾರೆ?

ಅವಳು ಶಾಲೆ ಬಿಟ್ಟಿದ್ದರೂ ಬೀದಿಯವರಿಗೆ ಇನ್ನೂ ಟೀಚರೇ. ಈಗ ಮನೆಯಲ್ಲೇ ಕೂತು ಮಕ್ಕಳ ಪುಸ್ತಕಗಳ ಕರಡು ತಿದ್ದುತ್ತಿದ್ದಳು. ಎಂಥ ಸೆಕೆಯಲ್ಲೂ ಕುತ್ತಿಗೆಗೆ ಸ್ಕಾರ್ಫು ಬೇಕು. ಮದುವೆಯಾದ ಹೊಸತರಲ್ಲಿ ಈ ಗಂಡಹೆಂಡಿರ ಮಾತು ಪಕ್ಕದ ಮನೆಯವರ ನಿದ್ದೆ ಕೆಡಿಸುತ್ತಿತ್ತು. ಈಗ ಊಟದ ಮೇಜಿನಲ್ಲಿ ತಟ್ಟೆ ಚಮಚದ ಸದ್ದು ಬಿಟ್ಟರೆ ಬೇರೇನಿಲ್ಲ. ನಿಮ್ಮ ಮನೆಯಲ್ಲಿ ಜಗಳದ ಸೊಲ್ಲೇ ಇಲ್ಲವಲ್ಲ ಎಂದು ಪಕ್ಕದ ಮನೆಯಾಕೆ ಒಮ್ಮೆ ಹೊಗಳಹೋಗಿ ನಾಲಿಗೆ ಕಚ್ಚಿಕೊಂಡಿದ್ದಳು.

ಆ 'ರೀ' ಕಿವಿಗೆ ಬಿದ್ದಂದಿನಿಂದ ಟೀಚರಿಗೆ ಆ ಬಾಗಿಲಿಗೆ ಕಿವಿಗೊಡುವುದೇ ಕೆಲಸವಾಯಿತು. ಎಲ್ಲೋ ಕೇಳಿದ ದನಿ ಅನ್ನಿಸುತ್ತಿತ್ತು, ಯಾರದ್ದೆಂದು ಮಾತ್ರ ಹೊಳೆಯಲೊಲ್ಲದು. ಕೊಂಚ ಕೀರಲು. ಮಾತಿನ ಕೊನೆಯನ್ನು ಎಳೆಯುವ ಚಾಳಿ ಬೇರೆ. ಬಿನ್ನಾಣಗಿತ್ತಿ ಎಂದು ಮನಸ್ಸಿನಲ್ಲೇ ಬೈದಳು. ಒಂದು ಸಂಜೆ ಗಂಡನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಅವಳ ಜೊತೆ ಕೂತ್ರೆ ಗೋಡೆ ಜೊತೆ ಕೂತ ಹಾಗಿರುತ್ತೆ. ನಿನ್ನ ಹತ್ರ ಮಾತಾಡಿದ್ರೇನೇ ಮನಸ್ಸು ಹಗುರ ಆಗೋದು."

"ನಾನಿದ್ದೀನಲ್ಲ ರೀ."

ಟೀಚರ್ ಅಡುಗೆಮನೆಗೆ ಹೋಗಿ ಕೂತಳು. ಕೆಟ್ಟ ದಿನಗಳಲ್ಲಿ ಎಲ್ಲರೂ ಬಂದು ಕನಿಕರ ತೋರಿಸಿ ಹೋದಾಗ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದವನು ಇವನು. ಇವನೊಬ್ಬ ಸಾಕು ಎಂದು ಅವಳು ಬದುಕಿಕೊಂಡಿದ್ದಳು. ಈಗ ಅವನೇ ಬೆನ್ನಿಗೆ ಚೂರಿ ಹಾಕಿದ್ದ. ಭಾವನಿಗೆ ಇನ್ನೊಬ್ಬಳಿದ್ದಾಳೆ, ತಕ್ಷಣ ಬಾ ಎಂದು ತಂಗಿಗೆ ಮೆಸೇಜು ಹಾಕಿ, ಬಟ್ಟೆಬರೆ ಜೋಡಿಸಿಟ್ಟಳು. ಆ ಹೆಂಗಸನ್ನು ಒಮ್ಮೆ ಕಣ್ಣಾರೆ ನೋಡುವುದು, ನೋಡಿದ ಮೇಲೆ ಈ ಮನೆಯಲ್ಲಿ ಒಂದು ಗಳಿಗೆಯೂ ಇರಬಾರದು.

ಮರುದಿನ ಮಧ್ಯಾಹ್ನ ತಂಗಿ ಬಂದಳು. ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತ, ಭಾವ ಅಂಥವರಲ್ಲ, ನಿನಗೆಲ್ಲೋ ಭ್ರಮೆ ಎಂದೆಲ್ಲ ಸಮಾಧಾನ ಮಾಡಿದಳು. ಟೀಚರ್ ಅವಳ ರಟ್ಟೆ ಹಿಡಿದು ಆ ಬಾಗಿಲಿಗೆ ಎಳೆದೊಯ್ದಳು.

ಒಳಗೆ ಮಾತು ನಡೆದಿತ್ತು. ಕಿವಿಗೊಟ್ಟ ತಂಗಿಯ ಮುಖ ಬಿಳಿಚಿಕೊಂಡಿತು. ಅಕ್ಕನನ್ನೊಮ್ಮೆ ನೋಡಿದಳು, ಬಾಗಿಲನ್ನೊಮ್ಮೆ ನೋಡಿದಳು. ಆಮೇಲೆ ಭುಜ ಕೊಟ್ಟು ತಳ್ಳಿಯೇಬಿಟ್ಟಳು.

ಹೆಂಗಸು ಇರಲಿಲ್ಲ. ಗಂಡನೊಬ್ಬನೇ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಮೇಜಿನ ಮೇಲೆ ಒಂದು ಬರಿಯ ಬೋರ್ಡು, ಅದಕ್ಕೆ ಪುಟ್ಟದೊಂದು ಮೈಕು, ಒಂದು ಸ್ಪೀಕರು. ಅವನು ಗಡಬಡಿಸಿ ವೈರು ಕೀಳಲು ಕೈ ಚಾಚಿದ. ಅಷ್ಟರಲ್ಲಿ ಸ್ಪೀಕರು ಮಾತಾಡಿತು.

"ಯಾಕ್ರೀ ಸುಮ್ಮನಾದ್ರಿ? ಅವಳು ಬಂದ್ಲಾ?"

ತಂಗಿಗೆ ಅಳು ತಡೆಯಲಾಗಲಿಲ್ಲ. "ಅಕ್ಕಾ, ಇದು ನಿನ್ನದೇ ಧ್ವನಿ ಕಣೆ. ನಿನ್ನ ಧ್ವನಿ ನಿನಗೇ ಗುರುತು ಸಿಗ್ಲಿಲ್ವಾ?"

ಟೀಚರ್ ಬಾಯಿ ತೆರೆದಳು. ಗಂಟಲಿನ ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ವೈದ್ಯರು ತೆಗೆದುಹಾಕಿ ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆಯೂ ತನ್ನ ದನಿ ಹೊರಗಿನವರ ಕಿವಿಗೆ ಹೇಗೆ ಕೇಳಿಸುತ್ತದೆಂದು ಅವಳು ಗಮನಿಸಿದವಳಲ್ಲ. ಸ್ಕಾರ್ಫಿನ ಕೆಳಗಿನ ರಂಧ್ರದಿಂದ ಎಂದಿನಂತೆ ಬರೀ ಉಸಿರು ಹೊರಬಂತು.

"ನಿನ್ನ ಹಳೇ ವಾಯ್ಸ್ ಮೆಸೇಜುಗಳಿಂದ ಮಾಡಿದ್ದು," ಎಂದ ಗಂಡ, ತಲೆ ಎತ್ತದೆ. "ನೀನು ಟೈಪ್ ಮಾಡಿದ್ದನ್ನ ನಿನ್ನ ಧ್ವನೀಲೇ ಹೇಳ್ಲಿ ಅಂತ. ನಿನಗೋಸ್ಕರಾನೇ ಶುರು ಮಾಡಿದ್ದೆ."

ತಂಗಿ ಕಣ್ಣೊರೆಸಿಕೊಂಡು ಬೋರ್ಡನ್ನೇ ನೋಡುತ್ತ ನಿಂತಳು. "ಇದು ಮುಗಿದದ್ದು ಯಾವಾಗ, ಭಾವ?"

"ಹೋದ ವರ್ಷ," ಎಂದ.