ದೀಪದವನು ಮಾಡಿದ್ದು ಸರಿಯೇ?

ಫೋನಿನಲ್ಲಿದ್ದ ಆ ನಾಲ್ಕು ಸಾಲುಗಳನ್ನು ಪೇಂಟರ್ ಮತ್ತೊಮ್ಮೆ ಓದಿದ. ಬರೆದವರ ಹೆಸರಿನ ಜಾಗದಲ್ಲಿ ‘ಗುಬ್ಬಿ’ ಎಂದಿತ್ತು. ಅವನ ಹೆಂಡತಿಯನ್ನು ತವರಿನಲ್ಲಿ ಈಗಲೂ ಕರೆಯುವುದು ಗುಬ್ಬಿ ಎಂದೇ.

ಹಿಂದಿನ ದಿನ ಗಂಡ ಹೆಂಡತಿ ಕೂತು ಒಂದು ಚೀನೀ ಕಾರ್ಟೂನ್ ಸಿನಿಮಾ ನೋಡಿದ್ದರು. ಕೊಳದ ಮೋಹಿನಿಯೊಬ್ಬಳು ದೀಪ ಮಾಡುವವನಿಗೆ ಮನಸೋತು ಅವನ ಮನೆ ಸೇರುತ್ತಾಳೆ. ಒಂದು ದಿನ ಜಗಳವಾಗಿ, ನಿನ್ನ ಸಹವಾಸವೇ ಬೇಡವೆಂದು ಕೊಳಕ್ಕೆ ಹೊರಟುಬಿಡುತ್ತಾಳೆ. ದಾರಿಯಲ್ಲಿ ಸಿಡಿಲು ಬಡಿದು ಹಿಂದಿನದೆಲ್ಲ ಮರೆತುಹೋಗುತ್ತದೆ. ದೀಪದವನು ಅವಳನ್ನು ಎತ್ತಿ ತಂದು, ಜಗಳವೇ ಆಗಿರಲಿಲ್ಲ, ನೀನು ನೀರು ತರಲು ಹೊರಟಿದ್ದೆ ಎಂದು ನಂಬಿಸುತ್ತಾನೆ. ಅಷ್ಟು ಹೊತ್ತಿಗೆ, ಒಣಗಿದ ಬಟ್ಟೆ ತೆಗೆಯಬೇಕೆಂದು ಎದ್ದುಹೋದ ಹೆಂಡತಿ ಸಿನಿಮಾ ಮುಗಿಯುವ ತನಕ ಒಳಗೆ ಬರಲಿಲ್ಲ.

ಇವತ್ತು ಕೆಲಸ ಬೇಗ ಮುಗಿದಿತ್ತು. ಆ ಸಿನಿಮಾ ನೋಡಿದವರು ಏನಂದಿದ್ದಾರೋ ಎಂದು ಅವನು ಸುಮ್ಮನೆ ಹುಡುಕಿದ್ದ. ಒಬ್ಬ ಚಿತ್ರಗಳನ್ನು ಹೊಗಳಿ ಅಟ್ಟಕ್ಕೇರಿಸಿದ್ದ. ಇನ್ನೊಬ್ಬ, ಸೆಕೆಂಡ್ ಹಾಫ್ ಬರೀ ಎಳೆದಾಟ ಎಂದು ಮೂಗು ಮುರಿದಿದ್ದ. ದೆವ್ವಕ್ಕೂ ಮನುಷ್ಯನಿಗೂ ಎಂಥ ಸಂಸಾರವಪ್ಪಾ ಎಂದು ಮತ್ತೊಬ್ಬರಿಗೆ ನಗು. ಉಳಿದವರದೆಲ್ಲ ಒಂದೇ ವಾದ: ದೀಪದವನು ಮಾಡಿದ್ದು ಮೋಸವಲ್ಲವೇ? ಬಹಳ ಮಂದಿ ಅವನಿಗೆ ಛೀಮಾರಿ ಹಾಕಿದ್ದರು. ಅವರ ನಡುವೆ ಈ ಗುಬ್ಬಿ: ‘ಅವನು ಮಾಡಿದ್ದೇ ಸರಿ. ಮರೆತವರಿಗೆ ನೆನಪಿಸಿ ಯಾರ ಹೊಟ್ಟೆ ತಣ್ಣಗಾಗಬೇಕು? ನಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದಾರೆ. ಮಾತಾಡುವವರು ಒಂದು ದಿನ ನನ್ನ ಜಾಗದಲ್ಲಿ ನಿಂತು ನೋಡಲಿ.’

ಪೇಂಟರ್ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ, ಬೀಳುವುದಕ್ಕೆ ಹಿಂದಿನ ಒಂದೆರಡು ವರ್ಷ ಅವನ ನೆನಪಿನಿಂದ ಅಳಿಸಿಯೇ ಹೋಗಿತ್ತು. ಆ ವರ್ಷಗಳ ಬಗ್ಗೆ ಅವನಿಗೆ ಗೊತ್ತಿದ್ದುದೆಲ್ಲ ಹೆಂಡತಿ ಹೇಳಿದ್ದು. ಚೆನ್ನಾಗಿದ್ದೆವು ಎಂದಿದ್ದಳು, ನಂಬಿದ್ದ. ಈಗ ಒಂದೊಂದೇ ಮನಸ್ಸನ್ನು ಕೆದಕತೊಡಗಿತು. ಆಗಿನ ಒಂದು ಫೋಟೊವೂ ಮನೆಯಲ್ಲಿ ಇಲ್ಲವಲ್ಲ, ಏಕೆ? ಭಾಮೈದ ಬಂದರೆ ತನ್ನ ಮುಖ ನೋಡಿ ಮಾತಾಡುವುದಿಲ್ಲ, ಅದೇಕೆ? ಇವಳು ಯಾರನ್ನೋ ಕಟ್ಟಿಕೊಂಡಿದ್ದಳು, ಅದನ್ನು ಮುಚ್ಚಿಟ್ಟಿದ್ದಾಳೆ. ಹಾಗೆ ಅನಿಸಿದ್ದೇ ತಡ, ಅವಳು ಕೆಲಸ ಮಾಡುವ ಔಷಧಿ ಅಂಗಡಿಯ ಯಜಮಾನನಿಂದ ಹಿಡಿದು ಪಕ್ಕದ ಮನೆಯ ಟೈಲರ್ ತನಕ ಎಲ್ಲರ ಮೇಲೂ ಗುಮಾನಿ ಬಂತು.

ಎದ್ದು ಮಲಗುವ ಕೋಣೆಗೆ ಹೋದ. ಅಲ್ಲಿನ ತಿಳಿಹಸಿರು ಗೋಡೆಯನ್ನು ತೋರಿಸಿ ‘ನೀವೇ ಹಚ್ಚಿದ್ದು’ ಎಂದಿದ್ದಳು. ಚಾವಣಿಯ ಅಂಚಿನಲ್ಲಿ ಬಣ್ಣ ಹಾವಿನಂತೆ ಹರಿದಿರುವುದನ್ನು ಎಷ್ಟೋ ಸಲ ನೋಡಿ, ಸ್ವಂತ ಮನೆಯಲ್ಲವೇ, ಅವಸರದಲ್ಲಿ ಮುಗಿಸಿರಬೇಕು ಎಂದುಕೊಂಡಿದ್ದ. ಇವತ್ತು ಬೀರುವಿನ ಹಿಂದೆ ಇಣುಕಿದ. ಅಲ್ಲಿ ಹಳೆಯ ಬಿಳಿ ಬಣ್ಣ ಹಾಗೇ ಇತ್ತು. ಹಸಿರು ಬೀರುವಿನ ಅಂಚಿನವರೆಗೆ ಬಂದು ನಿಂತುಬಿಟ್ಟಿತ್ತು. ಕೆಲಸ ಬಲ್ಲವನು ಯಾವನೂ ಬೀರು ಸರಿಸದೆ ಬಣ್ಣ ಹಚ್ಚುವುದಿಲ್ಲ.

ಹೆಂಡತಿ ಆಗಷ್ಟೇ ಬಂದು ಕೈಚೀಲ ಇಡುತ್ತಿದ್ದಳು.

“ಆ ಗೋಡೆಗೆ ಬಣ್ಣ ಹಚ್ಚಿದ್ದು ಯಾರು?”

“ನೀವೇ ಅಂತ ಹೇಳಿದ್ನಲ್ಲ.”

“ನನ್ನ ಕೈಕೆಲಸ ನನಗೆ ಗೊತ್ತಾಗಲ್ವಾ? ಯಾರಿದ್ದ ಮನೇಲಿ?”

“ಯಾರೂ ಇರ್ಲಿಲ್ಲ.”

“ಹಾಗಾದ್ರೆ ಇದೇನು?” ಎಂದು ಫೋನನ್ನು ಅವಳ ಮುಖದ ಮುಂದೆ ಹಿಡಿದ.

ತಾನೇ ಬರೆದದ್ದನ್ನು ಬೇರೆ ಯಾರೋ ಬರೆದರೆಂಬಂತೆ ಅವಳು ನಿಧಾನವಾಗಿ ಓದಿದಳು. ಆಮೇಲೆ ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕುಸಿದಳು.

“ನಾನೇ ಹಚ್ಚಿದೆ ರೀ. ಬೀರು ಅಲ್ಲಾಡಿಸೋಕೂ ಆಗ್ಲಿಲ್ಲ. ನೀವು ಹಚ್ಚಿದ ಬಿಳಿ ಬಣ್ಣ ನೋಡ್ಕೊಂಡು ಒಬ್ಬಳೇ ಮಲಗೋಕೂ ಆಗ್ತಿರ್ಲಿಲ್ಲ. ನೀವು ಮನೆ ಬಿಟ್ಟು ವರ್ಷದ ಮೇಲಾಗಿತ್ತು. ಇನ್ನೊಬ್ಬಳ ಜೊತೆ ಇದ್ರಿ.”

ಪೇಂಟರ್ ಅವಳ ಮುಖದಲ್ಲಿ ಎಲ್ಲಾದರೂ ಸುಳ್ಳಿನ ಸುಳಿವು ಸಿಗುತ್ತದೇನೋ ಎಂದು ಹುಡುಕಿದ.

“ಇದನ್ನ ನಾನು ಹೇಗೆ ನಂಬ್ಲಿ? ಇದೂ ನೀನು ಹೇಳಿದ್ದೇ ತಾನೇ?”

“ನಂಬಬೇಡಿ.” ಅವಳ ಧ್ವನಿ ಏರಲಿಲ್ಲ. “ಆಸ್ಪತ್ರೇಲಿ ಎಚ್ಚರ ಆದಾಗ ನೀವು ನನ್ನ ಹೆಸರು ಹೇಳಿದ್ರಂತೆ. ಅದಕ್ಕೆ ನನಗೆ ಫೋನ್ ಬಂತು. ನಾನು ಹೋದಾಗ ಅವಳು ನಿಮ್ಮ ಕಾಲ ಹತ್ರ ನಿಂತಿದ್ಲು. ನೀವು ಅವಳನ್ನ ನೋಡಿ ನನ್ನ ಕೇಳಿದ್ರಿ, ‘ಇವರು ಯಾರು, ನಿನ್ನ ಅಂಗಡಿಯವರಾ?’ ಅಂತ. ನಾನು ಬಾಯಿ ತೆಗೆಯೋದ್ರೊಳಗೆ ಅವಳೇ ‘ಹೌದು’ ಅಂದ್ಲು. ಅಂದು ಹೊರಟುಹೋದ್ಲು. ಆಮೇಲೆ ಬರ್ಲಿಲ್ಲ.”

ಕೋಣೆ ಕತ್ತಲಾಗುತ್ತ ಬಂದಿತ್ತು. ಬೀದಿಯಲ್ಲಿ ಯಾರೋ ಅಂಗಡಿಯ ಶಟರ್ ಎಳೆದರು. ಪೇಂಟರ್ ನೆಲ ನೋಡುತ್ತ ಕೇಳಿದ.

“ಹೋಗೋವಾಗ ಅತ್ತಳಾ?”

ಆ ಪ್ರಶ್ನೆ ತನ್ನ ಬಾಯಿಗೆ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ.

ಹೆಂಡತಿ ಎದ್ದು ಲೈಟು ಹಾಕಿದಳು. ಅವನ ಎದುರಿಗೆ, ತೀರಾ ಹತ್ತಿರ ಬಂದು ನಿಂತು, ಮುಖವನ್ನೇ ದಿಟ್ಟಿಸಿದಳು.

“ನಿಜ ಹೇಳಿ,” ಎಂದಳು. “ನಿಮಗೆ ಎಷ್ಟು ನೆನಪಿದೆ?”